ಒಂದು ಮಿಲಿಗ್ರಾಂ

ನಮ್ಮ ಹಾಸ್ಟೆಲ್‌ನಲ್ಲಿ ಯಾರನ್ನೇ ಕೇಳಿ, ಕೂದಲು ಉದುರೋದಕ್ಕೆ ಮೊದಲ ಕಾರಣ ಬೋರ್‌ವೆಲ್ ನೀರು. ಅದಾದ ಮೇಲೆ ಹೆಲ್ಮೆಟ್ಟು. ಆಮೇಲೆ ಮೆಸ್ಸಿನ ಸಾಂಬಾರು, ರಾತ್ರಿ ಎರಡು ಗಂಟೆವರೆಗೆ ಮೊಬೈಲು, ಕೊನೆಗೆ ಮ್ಯಾಥ್ಸ್ ಬ್ಯಾಕ್‌ಲಾಗ್. ಮೂರನೇ ಮಹಡಿಯ ವಾಶ್‌ಬೇಸಿನ್ ಹತ್ತಿರ ಬೆಳಗ್ಗೆ ಎಂಟಕ್ಕೆ ನಿಂತರೆ ಈ ಐದೂ ಥಿಯರಿ ಒಂದೇ ಸಲ ಕೇಳಿಸುತ್ತೆ.

ನಮ್ಮ ಮನೇಲಿ ಇದ್ಯಾವುದೂ ನಿಲ್ಲೋದಿಲ್ಲ. ನಮ್ಮೂರು ತಿಪಟೂರಿನ ಪಕ್ಕ, ಕೊಬ್ಬರಿ ಸೀಮೆ. ಹುಟ್ಟಿದ ದಿನದಿಂದ ತಲೆಗೆ ಗಾಣದ ಎಣ್ಣೆ ಸುರಿದುಕೊಂಡೇ ಬೆಳೆದವರು ನಾವು. ಹಂಗಿದ್ರೂ ತಾತ ಬೊಕ್ಕ, ದೊಡ್ಡಪ್ಪ ಬೊಕ್ಕ, ಅಪ್ಪ ಬೊಕ್ಕ. ಅಮ್ಮನ ಕಡೆ ಸೋದರಮಾವನೂ ಬೊಕ್ಕ. ಅಜ್ಜಿ ಮಾತ್ರ ಇವತ್ತಿಗೂ "ನೀನು ಎಣ್ಣೆ ಹಚ್ಚಲ್ಲ, ಅದಕ್ಕೇ" ಅಂತಾಳೆ. ಪಕ್ಕದಲ್ಲೇ ಎಣ್ಣೆ ಮಿರಮಿರ ಅನ್ನುವ ತಲೆ ಇಟ್ಟುಕೊಂಡು ತಾತ ಕೂತಿರ್ತಾರೆ, ಏನೂ ಮಾತಾಡಲ್ಲ.

ವಿಷಯ ಏನಪ್ಪಾ ಅಂದ್ರೆ, ಗಂಡಸರ ಈ ಥರದ ಬೋಳು ನೀರಿನದ್ದೂ ಅಲ್ಲ, ಎಣ್ಣೆಯದ್ದೂ ಅಲ್ಲ. ನಮ್ಮ ದೇಹದ ಟೆಸ್ಟೋಸ್ಟಿರಾನ್‌ನ ಒಂದಷ್ಟು ಭಾಗವನ್ನು 5-ಆಲ್ಫಾ ರಿಡಕ್ಟೇಸ್ ಅನ್ನೋ ಕಿಣ್ವ ಡಿಎಚ್‌ಟಿ ಎಂಬ ಇನ್ನೂ ಗಟ್ಟಿ ಹಾರ್ಮೋನಾಗಿ ಮಾಡುತ್ತೆ. ಹಣೆಯ ಎರಡು ಮೂಲೆ ಮತ್ತು ನೆತ್ತಿಯ ಕೂದಲಿನ ಬುಡಗಳಿಗೆ, ಅಪ್ಪ-ಅಮ್ಮನಿಂದ ಬಂದ ವರದಾನವಿದ್ದರೆ, ಈ ಡಿಎಚ್‌ಟಿ ಆಗಿಬರಲ್ಲ. ಕೂದಲು ಒಂದೊಂದು ಸಲ ಉದುರಿ ಹುಟ್ಟಿದಾಗಲೂ ಮೊದಲಿಗಿಂತ ಸಣ್ಣಗೆ, ಗಿಡ್ಡಕ್ಕೆ ಹುಟ್ಟುತ್ತೆ, ಕೊನೆಗೆ ಮಗುವಿನ ಮೈಮೇಲಿನ ರೋಮದ ಥರ ಆಗಿ ಮಾಯ. ಕಿವಿ ಮೇಲಿನ ಮತ್ತು ಹಿಂದಿನ ಕೂದಲಿಗೆ ಈ ತಕರಾರಿಲ್ಲ. ನಮ್ಮಪ್ಪನ ತಲೆ ಸುತ್ತ ಕುದುರೆ ಲಾಳದ ಆಕಾರ ಉಳಿದಿರೋದು ಅದಕ್ಕೇ.

ನಂಗೆ ಶುರುವಾಗಿದ್ದು ನಾಲ್ಕನೇ ಸೆಮಿಸ್ಟರ್‌ನಲ್ಲಿ, ಇಪ್ಪತ್ತನೇ ವಯಸ್ಸಿಗೆ. ಫೆಸ್ಟಿನ ಗ್ರೂಪ್ ಫೋಟೋ ಯಾರೋ ಮೇಲಿನ ಮಹಡಿಯಿಂದ ತೆಗೆದಿದ್ದರು. ಅದರಲ್ಲಿ ನನ್ನ ನೆತ್ತಿ ನೋಡಿ ರೂಮ್‌ಮೇಟ್ ಇಟ್ಟ ಹೆಸರು ಹೆಲಿಪ್ಯಾಡ್. ಹೆಸರು ಎಷ್ಟು ಚೆನ್ನಾಗಿತ್ತು ಅಂದ್ರೆ ಮೂರೇ ದಿನದಲ್ಲಿ ಇಡೀ ಬ್ರಾಂಚಿಗೆ ಹಬ್ಬಿತು. 2017ರಲ್ಲಿ ಬಂದ ‘ಒಂದು ಮೊಟ್ಟೆಯ ಕಥೆ’ಯಲ್ಲಿ ಹೆಣ್ಣು ಸಿಗದೆ ಒದ್ದಾಡುವ ಬೋಳುತಲೆಯ ಕನ್ನಡ ಮೇಷ್ಟ್ರನ್ನು ನೋಡಿ ನಾವೆಲ್ಲ ನಕ್ಕವರೇ. ಆ ಮೇಷ್ಟ್ರು ಕನ್ನಡಿ ಮುಂದೆ ನಿಲ್ಲುವಾಗ ಮಾತ್ರ ನಂಗೆ ಆಗಿನಿಂದ ನಗು ಬರ್ತಿಲ್ಲ.

ರಜೆಯಲ್ಲಿ ಒಂದು ಚರ್ಮದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ನೆತ್ತಿಗೆ ಲೆನ್ಸ್ ಹಿಡಿದು ನೋಡಿ, ಎರಡು ಐಟಂ ಬರೆದರು. ದಿನಾ ರಾತ್ರಿ ಫಿನಾಸ್ಟರೈಡ್ ಒಂದು ಮಿಲಿಗ್ರಾಂ ಮಾತ್ರೆ, ದಿನಕ್ಕೆರಡು ಸಲ ನೆತ್ತಿಗೆ ಮಿನಾಕ್ಸಿಡಿಲ್ ಶೇ. 5ರ ದ್ರಾವಣ. "ಸೈಡ್ ಎಫೆಕ್ಟ್ ಏನಾದ್ರೂ ಇದೆಯಾ ಸರ್?" ಅಂದೆ. "ನೂರಕ್ಕೆ ಒಬ್ಬಿಬ್ಬರಿಗೆ ಸ್ವಲ್ಪ ಇಂಟರೆಸ್ಟ್ ಕಮ್ಮಿ ಆಗುತ್ತೆ, ತಲೆ ಕೆಡಿಸ್ಕೋಬೇಡಿ" ಅಂದ್ರು. ಯಾವುದರಲ್ಲಿ ಇಂಟರೆಸ್ಟ್ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಗೆ ಹದಿನೈದು ಜನ ಕಾಯ್ತಿದ್ದರು.

ಈ ಎರಡು ಔಷಧಿಗಳೂ ಕೂದಲಿಗಾಗಿ ಹುಟ್ಟಿದವೇ ಅಲ್ಲ. ಮಿನಾಕ್ಸಿಡಿಲ್ ರಕ್ತದೊತ್ತಡದ ಮಾತ್ರೆ. ತಗೊಂಡವರ ಕೈ, ಮುಖದ ಮೇಲೆಲ್ಲಾ ಕೂದಲು ಬೆಳೆಯೋಕೆ ಶುರುವಾಯ್ತು, ಸೈಡ್ ಎಫೆಕ್ಟನ್ನೇ ಬಾಟಲಿಗೆ ತುಂಬಿ 1988ರಿಂದ ಅಮೆರಿಕದಲ್ಲಿ ತಲೆಗೆ ಹಚ್ಚೋಕೆ ಮಾರಿದರು. ಫಿನಾಸ್ಟರೈಡ್ ಕತೆ ಇನ್ನೂ ಮಜಾ. ಡೊಮಿನಿಕನ್ ರಿಪಬ್ಲಿಕ್‌ನ ಒಂದು ಹಳ್ಳಿಯಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣಿನ ಹಾಗೆ ಕಂಡು, ಹನ್ನೆರಡರ ಆಸುಪಾಸಿಗೆ ಗಂಡಾಗಿ ಬೆಳೆಯುತ್ತಿದ್ದರು. ಜೂಲಿಯನ್ ಇಂಪೆರಾಟೊ-ಮೆಕ್‌ಗಿನ್ಲಿ ಎಂಬ ವೈದ್ಯೆ ಮತ್ತು ಸಂಗಡಿಗರು 1974ರಲ್ಲಿ ಅದರ ಕಾರಣ ಪ್ರಕಟಿಸಿದರು: ಆ 5-ಆಲ್ಫಾ ರಿಡಕ್ಟೇಸ್ ಕಿಣ್ವದ ಕೊರತೆ. ಅಂಥವರು ದೊಡ್ಡವರಾದ ಮೇಲೆ ಅವರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗೇ ಇರ್ತಿತ್ತು, ಹಣೆಯ ಕೂದಲು ಹಿಂದೆ ಸರೀತಿರಲಿಲ್ಲ. ಮರ್ಕ್ ಕಂಪನಿ ಇದನ್ನು ಹಿಡಿದುಕೊಂಡು ಆ ಕಿಣ್ವವನ್ನು ತಡೆಯುವ ಮಾತ್ರೆ ಮಾಡಿತು. 1992ರಲ್ಲಿ ಐದು ಮಿಲಿಗ್ರಾಂ ಮಾತ್ರೆ ವಯಸ್ಸಾದವರ ಪ್ರಾಸ್ಟೇಟ್ ಊತಕ್ಕೆ, 1997ರಲ್ಲಿ ಒಂದು ಮಿಲಿಗ್ರಾಂ ಬೊಕ್ಕತಲೆಗೆ. ಆ ಒಂದು ಮಿಲಿಗ್ರಾಂ ರಕ್ತದ ಡಿಎಚ್‌ಟಿಯನ್ನು ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಇಳಿಸುತ್ತೆ. ನೆತ್ತಿಗೆ ಮಾತ್ರ ಹೋಗು, ಬೇರೆ ಕಡೆ ಹೋಗಬೇಡ ಅಂತ ಮಾತ್ರೆಗೆ ಹೇಳೋಕಾಗಲ್ಲವಲ್ಲ.

ಮೊದಲ ಎರಡು ತಿಂಗಳು ಮಿನಾಕ್ಸಿಡಿಲ್‌ದೇ ಕಾಟ. ಹಚ್ಚಿದ ಮೇಲೆ ಇರುವ ಕೂದಲೂ ಉದುರುತ್ತೆ, ಯಾಕಂದ್ರೆ ಮಲಗಿದ್ದ ಬುಡಗಳನ್ನು ಅದು ಎಬ್ಬಿಸುತ್ತೆ, ಹಳೇ ಕೂದಲು ಜಾಗ ಬಿಡುತ್ತೆ. ಇದು ಗೊತ್ತಿದ್ದರೂ ದಿಂಬಿನ ಮೇಲೆ ಅಷ್ಟೊಂದು ನೋಡಿದಾಗ ಹೊಟ್ಟೆಯೊಳಗೆ ಒಂಥರಾ ಆಗುತ್ತೆ. ದ್ರಾವಣದಲ್ಲಿ ಬೆರೆಸುವ ಪ್ರೊಪಿಲೀನ್ ಗ್ಲೈಕಾಲ್‌ನಿಂದ ನವೆ, ಹೊಟ್ಟು. ಲ್ಯಾಬಿನಲ್ಲಿ ಬ್ರೆಡ್‌ಬೋರ್ಡ್ ಮುಂದೆ ಕೂತು ಕೋತಿ ಥರ ತಲೆ ಕೆರೆದುಕೊಳ್ತಿದ್ದೆ. ಇನ್ನೊಂದು ಮಾತು: ಮಿನಾಕ್ಸಿಡಿಲ್ ಬೆಕ್ಕುಗಳಿಗೆ ವಿಷ, ತೀರಾ ಸ್ವಲ್ಪ ನೆಕ್ಕಿದರೂ ಪ್ರಾಣಕ್ಕೆ ಅಪಾಯ. ನಮ್ಮ ಬ್ಲಾಕಿನ ಮೆಸ್ ಬೆಕ್ಕಿಗೆ ನನ್ನ ದಿಂಬೇ ಆಗಬೇಕಿತ್ತು. ಅದನ್ನ ಓಡಿಸೋದು, ಬಾಗಿಲು ಹಾಕೋದು, ದಿಂಬಿನ ಕವರ್ ಒಗೆಯೋದು ಒಂದು ಪಾರ್ಟ್‌ಟೈಮ್ ಕೆಲಸವೇ ಆಯ್ತು. ಈಗಲೂ ಆ ಬೆಕ್ಕು ನನ್ನನ್ನು ಕಂಡರೆ ಮುಖ ತಿರುಗಿಸುತ್ತೆ.

ಮಾತ್ರೆಯದ್ದು ಇಷ್ಟು ಜೋರಾಗಿ ಗೊತ್ತಾಗಲಿಲ್ಲ. ಆಗಸ್ಟ್‌ನಲ್ಲಿ ಶುರು ಮಾಡಿದ್ದೆ, ನವೆಂಬರ್ ಹೊತ್ತಿಗೆ ಏನೋ ಬದಲಾಗಿತ್ತು. ಇದನ್ನ ನೇರವಾಗೇ ಬರೀತೀನಿ, ಸಂಪಾದಕರು ಕತ್ತರಿ ಹಾಕಲ್ಲ ಅಂತ ಮಾತು ಕೊಟ್ಟಿದ್ದಾರೆ. ಬೆಳಗ್ಗೆ ಏಳುವಾಗ ಗಂಡುದೇಹಕ್ಕೆ ತಾನಾಗೇ ಆಗುವ ನಿಮಿರುವಿಕೆ ನಿಂತುಹೋಯ್ತು. ವೀರ್ಯ ನೀರಾಗಿ, ಕಮ್ಮಿಯಾಗಿ ಬರ್ತಿತ್ತು. ಆಸೆ ಅನ್ನೋದು ಹೊಟ್ಟೆ ತುಂಬಿದವನಿಗೆ ಹೋಳಿಗೆ ತೋರಿಸಿದ ಹಾಗೆ. ಬೇಡ ಅಂತಲೂ ಅಲ್ಲ, ಬೇಕು ಅಂತಲೂ ಅಲ್ಲ. ಅದರ ಜೊತೆಗೇ ಮನಸ್ಸು ಚಪ್ಪಟೆಯಾಯ್ತು. ದುಃಖ ಅಂತ ಕರೆಯೋಕಾಗಲ್ಲ, ದುಃಖಕ್ಕಾದರೂ ಒಂದು ರುಚಿ ಇರುತ್ತೆ. ರಾಜ್ಯೋತ್ಸವಕ್ಕೆ ನಾನೇ ಬರೆದ ಸ್ಕಿಟ್‌ಗೆ ಆಡಿಟೋರಿಯಂ ಪೂರ್ತಿ ನಗ್ತಿತ್ತು, ನಾನು ಸೈಡ್‌ವಿಂಗ್‌ನಲ್ಲಿ ನಿಂತು ಇವರೆಲ್ಲ ಯಾಕೆ ನಗ್ತಿದ್ದಾರೆ ಅಂತ ನೋಡ್ತಿದ್ದೆ.

ಅದೇ ಹೊತ್ತಿಗೆ ನೆತ್ತಿ ತುಂಬ್ತಾ ಬಂತು. ನಿಜವಾಗಲೂ! ಜನವರಿ ಹೊತ್ತಿಗೆ ಹೆಲಿಪ್ಯಾಡ್ ಮುಚ್ಚಿತ್ತು. ರೂಮ್‌ಮೇಟ್ ತಾನೇ ಬಂದು "ಮಗಾ, ಗುಡಿಸಲು ಹಾಕಿಬಿಟ್ಟಿದೀಯಲ್ಲೋ ರನ್‌ವೇ ಮೇಲೆ" ಅಂದ. ಎರಡು ವರ್ಷದಲ್ಲಿ ಅಷ್ಟು ಚೆಂದ ನಾನು ಕಂಡಿರಲಿಲ್ಲ. ಮಾತ್ರೆ ತನ್ನ ಕೆಲಸ ಸರಿಯಾಗೇ ಮಾಡ್ತಿತ್ತು. ಕೆಲಸ ಮಾಡದೇ ಇದ್ದಿದ್ದರೆ ಬಿಸಾಕೋದು ಸುಲಭ.

ಇದು ಮಾತ್ರೆಯಿಂದಲೇ ಅಂತ ಹೇಳೋದು ಹೇಗೆ? ಐದನೇ ಸೆಮ್, ಇಂಟರ್ನಲ್ಸ್, ನಿದ್ದೆಯಿಲ್ಲ, ಇಂಟರ್ನ್‌ಶಿಪ್ ರಿಜೆಕ್ಟ್. ಇವುಗಳಲ್ಲಿ ಯಾವುದು ಬೇಕಾದರೂ ಒಬ್ಬ ಹುಡುಗನ ಆಸೆ ಆರಿಸಬಲ್ಲದು. ನಾನು ಇಸಿ ಬ್ರಾಂಚು. ನಾಯ್ಸ್ ಇಷ್ಟಿರುವಾಗ ಸಿಗ್ನಲ್ ಹುಡುಕಬೇಕು ಅಂದ್ರೆ ಅಳತೆ ಬೇಕು ಅಂತ ಫೋನಿನಲ್ಲಿ ಒಂದು ಶೀಟ್ ಮಾಡಿಕೊಂಡೆ. ನಿದ್ದೆ ಎಷ್ಟು ಗಂಟೆ, ಬೆಳಗ್ಗೆ ಹೌದು/ಇಲ್ಲ, ಮನಸ್ಸಿಗೆ ಐದಕ್ಕೆ ಎಷ್ಟು. ಎರಡು ವಾರ ಬರೆದ ಮೇಲೆ ಗೊತ್ತಾಗಿದ್ದು ಏನಂದ್ರೆ, ಬೆಳಗ್ಗೆ ಎದ್ದು ಪರೀಕ್ಷೆ ಮಾಡಿಕೊಳ್ಳೋದೇ ಒಂದು ರೋಗ. ಇವತ್ತು ಆಗುತ್ತಾ ಇಲ್ವಾ ಅಂತ ಕಾಯ್ತಾ ಮಲಗಿದವನಿಗೆ ಏನೂ ಆಗಲ್ಲ.

ಇದನ್ನ ಯಾರೋ ಆಗಲೇ ಅಳೆದಿದ್ದಾರೆ. 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಪ್ರಾಸ್ಟೇಟ್ ರೋಗಿಗಳಿಗೆ ಐದು ಮಿಲಿಗ್ರಾಂ ಫಿನಾಸ್ಟರೈಡ್ ಕೊಟ್ಟರು. ಒಂದು ಗುಂಪಿಗೆ ಲೈಂಗಿಕ ತೊಂದರೆ ಬರಬಹುದು ಅಂತ ಹೇಳಿದರು, ಇನ್ನೊಂದಕ್ಕೆ ಹೇಳಲಿಲ್ಲ. ಹೇಳಿಸಿಕೊಂಡವರಲ್ಲಿ ಶೇ. 43.6 ಜನ ತೊಂದರೆ ಇದೆ ಅಂದರು, ಹೇಳಿಸಿಕೊಳ್ಳದವರಲ್ಲಿ ಶೇ. 15.3. ಇದಕ್ಕೆ ನೊಸೀಬೋ ಅಂತಾರೆ, ಪ್ಲಾಸೀಬೋದ ಕೆಟ್ಟ ತಮ್ಮ. ಹಾಗಂತ ಎಲ್ಲಾ ಬರೀ ಮನಸ್ಸಿನ ಆಟ ಅಂತ ತಳ್ಳಿಹಾಕೋ ಹಾಗೂ ಇಲ್ಲ. ಒಂದು ಮಿಲಿಗ್ರಾಂನ ಮೂಲ ಟ್ರಯಲ್‌ಗಳಲ್ಲಿ, ಯಾರಿಗೆ ಮಾತ್ರೆ ಯಾರಿಗೆ ಖಾಲಿ ಗುಳಿಗೆ ಅಂತ ಗೊತ್ತಿಲ್ಲದೇ ಇದ್ದಾಗಲೂ, ಮಾತ್ರೆ ತಗೊಂಡವರಲ್ಲಿ ಶೇ. 3.8 ಜನಕ್ಕೆ ಒಂದಲ್ಲ ಒಂದು ಲೈಂಗಿಕ ತೊಂದರೆ ಬಂತು, ಖಾಲಿ ಗುಳಿಗೆಯವರಲ್ಲಿ ಶೇ. 2.1 ಜನಕ್ಕೆ. ವ್ಯತ್ಯಾಸ ಚಿಕ್ಕದು, ಆದರೆ ಇದೆ. ನೂರರಲ್ಲಿ ತೊಂಬತ್ತಾರು ಜನ ಆರಾಮಾಗಿದ್ದಾರೆ ಅನ್ನೋದು ಒಳ್ಳೇ ಸುದ್ದಿ, ಉಳಿದವರಲ್ಲಿ ನೀನು ಇಲ್ಲದಿದ್ದರೆ.

ಮನಸ್ಸಿನ ಭಾಗ ಇನ್ನೂ ಗಂಭೀರ. ಅದೇ ಕಿಣ್ವದ ಕುಟುಂಬ ಮಿದುಳಿನಲ್ಲಿ ಅಲೋಪ್ರೆಗ್ನನೊಲೋನ್ ಎಂಬ, ನರಗಳನ್ನು ಶಾಂತವಾಗಿಡುವ ವಸ್ತುವಿನ ತಯಾರಿಕೆಗೂ ಬೇಕು. ಅಮೆರಿಕದ ಎಫ್‌ಡಿಎ 2011ರಲ್ಲಿ ಖಿನ್ನತೆಯನ್ನು ಈ ಮಾತ್ರೆಯ ಮಾಹಿತಿ ಚೀಟಿಗೆ ಸೇರಿಸಿತು. 2012ರಲ್ಲಿ, ಮಾತ್ರೆ ನಿಲ್ಲಿಸಿದ ಮೇಲೂ ಲೈಂಗಿಕ ತೊಂದರೆ ಉಳಿದ ವರದಿಗಳಿವೆ ಅಂತ ಸೇರಿಸಿತು. 2025ರಲ್ಲಿ ಯುರೋಪಿನ ಔಷಧ ಸಂಸ್ಥೆ, ಆತ್ಮಹತ್ಯೆಯ ಯೋಚನೆ ಫಿನಾಸ್ಟರೈಡ್ ಮಾತ್ರೆಯ ಅಡ್ಡಪರಿಣಾಮವೇ ಹೌದು ಅಂತ ದೃಢಪಡಿಸಿತು. ನಿಲ್ಲಿಸಿದ ಮೇಲೂ ಉಳಿಯೋದು ಎಷ್ಟು ಜನಕ್ಕೆ, ಯಾಕೆ ಅನ್ನೋದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ನಂಗೆ ಅಂಥ ಯೋಚನೆ ಬರಲಿಲ್ಲ, ಆದರೆ ಯಾವುದಕ್ಕೂ ಏನೂ ಅನಿಸದೇ ಇರೋದು ಆ ದಾರಿಗೆ ಎಷ್ಟು ದೂರ ಅಂತ ನಾನು ಹೇಳಲಾರೆ. ಯಾರಿಗಾದರೂ ಹಾಗೆ ಅನಿಸಿದರೆ ಮಾತ್ರೆ ಪಕ್ಕಕ್ಕಿಟ್ಟು ಅವತ್ತೇ ಡಾಕ್ಟರಿಗೆ ಹೇಳಿ. ರಾತ್ರಿಯಾಗಿದ್ದರೆ ಟೆಲಿ ಮಾನಸ್ ನಂಬರು 14416, ಕನ್ನಡದಲ್ಲೇ ಮಾತಾಡ್ತಾರೆ.

ಇಷ್ಟೆಲ್ಲ ಆಗುವಾಗ ನಾನು ಯಾರಿಗೂ ಹೇಳಿರಲಿಲ್ಲ. ಬೊಕ್ಕತಲೆ ಬಗ್ಗೆ ಇಡೀ ಹಾಸ್ಟೆಲ್ ಮಾತಾಡುತ್ತೆ. ಆ ಇನ್ನೊಂದರ ಬಗ್ಗೆ ಜೋಕ್ ಬಿಟ್ಟರೆ ಬೇರೆ ಭಾಷೆಯೇ ನಮ್ಮ ಹತ್ತಿರ ಇಲ್ಲ. ಆದರೆ ಮಾತ್ರೆ ಗುಟ್ಟಾಗಿರೋಕೆ ಬಿಡಲಿಲ್ಲ.

ಜನವರಿಯಲ್ಲಿ ಅಕ್ಕನ ಸೀಮಂತಕ್ಕೆ ಊರಿಗೆ ಹೋಗಿದ್ದೆ. ಬ್ಯಾಗಿನ ತಳದಲ್ಲಿ ಸ್ಟ್ರಿಪ್ಪು, ಅದರಲ್ಲಿ ಒಂದು ಮಾತ್ರೆ ಒಡೆದು ಪುಡಿಯಾಗಿತ್ತು. ಫಿನಾಸ್ಟರೈಡ್ ಒಡೆದ ಮಾತ್ರೆಯನ್ನು ಬಸುರಿಯರು ಮುಟ್ಟಬಾರದು, ಹೊಟ್ಟೆಯಲ್ಲಿರೋದು ಗಂಡುಮಗುವಾದರೆ ಅದರ ಜನನಾಂಗದ ಬೆಳವಣಿಗೆಗೆ ತೊಂದರೆ ಆಗಬಹುದು. ಪೂರ್ತಿ ಮಾತ್ರೆಗೆ ಮೇಲೊಂದು ಲೇಪನ ಇರುತ್ತೆ, ಭಯವಿಲ್ಲ. ಕಾಸು ಉಳಿಸೋಕೆ ಐದು ಮಿಲಿಗ್ರಾಂ ಮಾತ್ರೆ ತಂದು ಬ್ಲೇಡಿನಲ್ಲಿ ನಾಲ್ಕು ತುಂಡು ಮಾಡುವ ಮಹಾನುಭಾವರು ನಮ್ಮ ಬ್ಲಾಕಿನಲ್ಲೇ ಇದ್ದಾರೆ, ಅವರು ಇದನ್ನ ಎರಡು ಸಲ ಓದಲಿ. ಅಕ್ಕ ನನ್ನ ಬ್ಯಾಗಿಗೆ ಕೈ ಹಾಕಿ ಚಾರ್ಜರ್ ಹುಡುಕ್ತಿದ್ದಳು. ನಾನು ಕಿತ್ತುಕೊಂಡ ರಭಸಕ್ಕೆ ಮನೆಮಂದಿಯೆಲ್ಲ ತಿರುಗಿ ನೋಡಿದರು. ಅಮ್ಮ ಒಳಗೆ ಕರ್ಕೊಂಡು ಹೋಗಿ, "ಏನೋ ಅದು, ನಿಜ ಹೇಳು, ಸಿಗರೇಟಾ?" ಅಂದಳು. ಕೂದಲಿನ ಮಾತ್ರೆ ಅಂದಾಗ ಪಾಪ ಅವಳ ಮುಖದಲ್ಲಿ ಎಂಥಾ ನಿರಾಳ!

ಫೆಬ್ರವರಿಯಲ್ಲಿ ಎನ್‌ಎಸ್‌ಎಸ್ ರಕ್ತದಾನ ಶಿಬಿರ. ನಾನೇ ವಾಲಂಟಿಯರ್, ನಾನೇ ಪೋಸ್ಟರ್ ಅಂಟಿಸಿದವನು. ಫಾರ್ಮಿನಲ್ಲಿ ಯಾವ ಔಷಧಿ ತಗೋತಿದೀರಿ ಅನ್ನೋ ಸಾಲಿನಲ್ಲಿ ಹೆಸರು ಬರೆದೆ. ಟೇಬಲ್ಲಿನಲ್ಲಿದ್ದ ಸಿಸ್ಟರ್ ಓದಿ, "ಕೊನೇ ಮಾತ್ರೆ ಆಗಿ ಒಂದು ತಿಂಗಳು ಕಳೀಬೇಕಪ್ಪ, ನಿನ್ನ ರಕ್ತ ಬಸುರಿಗೆ ಹೋದ್ರೆ ಕಷ್ಟ" ಅಂದ್ರು. ಹಿಂದೆ ಸಾಲಿನಲ್ಲಿ ಇಡೀ ಕ್ಲಾಸು. "ಯಾಕೋ ರಿಜೆಕ್ಟು? ಎಚ್‌ಬಿ ಕಮ್ಮಿನಾ?" ಅಂತ ಒಬ್ಬ. ನಾನು "ಕೂದಲಿನ ಮಾತ್ರೆ ಕಣೋ, ಫಿನಾಸ್ಟರೈಡ್" ಅಂದೆ. ಎರಡು ಸೆಕೆಂಡ್ ಯಾರೂ ಮಾತಾಡಲಿಲ್ಲ. ಆಮೇಲೆ ನಗು. ಅವತ್ತು ರಾತ್ರಿ ಹನ್ನೊಂದರ ನಂತರ, ಒಬ್ಬೊಬ್ಬರಾಗಿ ಮೂರು ಜನ ನನ್ನ ರೂಮಿಗೆ ಬಂದರು. ಮೂವರೂ ಅದನ್ನೇ ತಗೋತಿದ್ದವರು. ಒಬ್ಬನಿಗೆ ಏನೂ ಆಗಿರಲಿಲ್ಲ, ಎರಡು ವರ್ಷದಿಂದ ಜುಮ್ ಅಂತ ಇದ್ದ. ಇನ್ನೊಬ್ಬನಿಗೆ ಮೊದಲ ತಿಂಗಳು ಆಗಿ, ತಾನೇ ಸರಿಹೋಗಿತ್ತು. ಮೂರನೆಯವನು ಬಾಗಿಲು ಹಾಕಿ, ಹಾಸಿಗೆ ತುದಿಯಲ್ಲಿ ಕೂತು, "ಬೆಳಗ್ಗೆ ಹೊತ್ತು ನಿಂಗೂ ಹಂಗೇನಾ?" ಅಂದ. ಅಷ್ಟೇ ಅವನು ಹೇಳಿದ್ದು. ಆ ಪ್ರಶ್ನೆ ನಾಲ್ಕು ತಿಂಗಳಿಂದ ನನ್ನ ಬಾಯಲ್ಲೂ ಇತ್ತು.

ಅವನೂ ನಾನೂ ಮಾರ್ಚ್‌ನಲ್ಲಿ ಸರ್ಕಾರಿ ಆಸ್ಪತ್ರೆಯೊಂದರ ಚರ್ಮ ವಿಭಾಗಕ್ಕೆ ಹೋದೆವು. ಹತ್ತು ರೂಪಾಯಿ ಚೀಟಿ, ಎರಡು ಗಂಟೆ ಕ್ಯೂ. ಆ ಡಾಕ್ಟರು ನನ್ನ ಶೀಟ್ ನೋಡಿ ನಗಲಿಲ್ಲ. "ಇದು ಮಾತ್ರೆಯಿಂದಲೇ ಅಂತ ಪ್ರಮಾಣ ಮಾಡಿ ಹೇಳಲಾರೆ. ಅಲ್ಲ ಅಂತಲೂ ಹೇಳಲ್ಲ. ನಿಲ್ಲಿಸಿ ನೋಡೋಣ. ಕೂದಲು ಹೋದರೆ ಮತ್ತೆ ಮಾತಾಡಬಹುದು, ಮೊದಲು ನೀವು ಸರಿಹೋಗಿ" ಅಂದ್ರು. ಸೈಕಿಯಾಟ್ರಿ ವಿಭಾಗಕ್ಕೂ ಒಂದು ಚೀಟಿ ಬರೆದರು. ಮಿನಾಕ್ಸಿಡಿಲ್ ಮುಂದುವರಿಸಿ, ಅದರಲ್ಲೂ ಫೋಮ್ ತಗೊಳ್ಳಿ, ನವೆ ಕಮ್ಮಿ ಅಂದ್ರು.

ನಿಲ್ಲಿಸಿದ ಮೇಲೆ ಎರಡು ವಾರದಲ್ಲಿ ಡಿಎಚ್‌ಟಿ ಮೊದಲಿನ ಮಟ್ಟಕ್ಕೆ ಬರುತ್ತೆ ಅಂತ ಮಾಹಿತಿ ಚೀಟಿಯಲ್ಲೇ ಇದೆ. ನನ್ನ ದೇಹ ಅಷ್ಟು ಓದಿಕೊಂಡಿರಲಿಲ್ಲ. ಏಪ್ರಿಲ್ ಪೂರ್ತಿ ಹಾಗೇ ಹೋಯ್ತು. ನಿಂತ ಮೇಲೂ ಉಳಿಯುವ ಆ ಕೆಲವರಲ್ಲಿ ನಾನೂ ಒಬ್ಬನಾ ಅನ್ನೋ ಭಯ ಮಾತ್ರೆಗಿಂತ ಜಾಸ್ತಿ ಕಾಡಿದ್ದು ಆಗಲೇ. ಮೇನಲ್ಲಿ ಒಂದು ಬೆಳಗ್ಗೆ, ಆಮೇಲೆ ನಾಲ್ಕು ದಿನ ಬಿಟ್ಟು ಇನ್ನೊಂದು ಬೆಳಗ್ಗೆ, ಹಾಗೆ ನಿಧಾನಕ್ಕೆ. ಮನಸ್ಸು ಅದಕ್ಕಿಂತ ಮೊದಲೇ ತಿಳಿಯಾಗಿತ್ತು. ಮೆಸ್ಸಿನಲ್ಲಿ ಯಾರೋ ಮುದ್ದೆ ಬಗ್ಗೆ ಏನೋ ಅಂದಾಗ ಉಕ್ಕಿ ನಗು ಬಂದು ನೆತ್ತಿಗೆ ಹತ್ತಿ ಕೆಮ್ಮಿದೆ. ಸೆಮಿಸ್ಟರ್ ಒತ್ತಡ ಅಷ್ಟೇ ಇತ್ತು, ನೀರೂ ಅದೇ, ಸಾಂಬಾರೂ ಅದೇ. ಪ್ರೂಫ್ ಅಂತ ಕರೆಯೋಕಾಗಲ್ಲ, ಸ್ಯಾಂಪಲ್ ಒಂದೇ. ಜೊತೆಗೆ ಬಂದವನಿಗೆ ಪೂರ್ತಿ ಸರಿಹೋಗಿಲ್ಲ, ಇನ್ನೂ ಫಾಲೋಅಪ್‌ಗೆ ಹೋಗ್ತಿದ್ದಾನೆ. ಅವನ ಅನುಮತಿ ಕೇಳಿಯೇ ಇಷ್ಟು ಬರೆದಿದ್ದೇನೆ.

ಕೂದಲು? ಹೋಗ್ತಿದೆ. ಮಾತ್ರೆ ಗಳಿಸಿಕೊಟ್ಟಿದ್ದು ನಿಲ್ಲಿಸಿದ ಒಂದು ವರ್ಷದೊಳಗೆ ವಾಪಸ್ ಹೋಗುತ್ತೆ, ನನ್ನದು ಈ ಏಳನೇ ಸೆಮ್‌ಗೇ ಅರ್ಧ ದಾರಿ ಮುಟ್ಟಿದೆ. ಬೇಜಾರಿಲ್ಲ ಅಂದ್ರೆ ಸುಳ್ಳು. ಪ್ಲೇಸ್‌ಮೆಂಟಿನ ವಿಡಿಯೋ ಇಂಟರ್‌ವ್ಯೂಗೆ ಲ್ಯಾಪ್‌ಟಾಪ್ ಎತ್ತರ ಹೊಂದಿಸೋದೇ ಒಂದು ಇಂಜಿನಿಯರಿಂಗು.

ದಸರಾ ರಜೆಯಲ್ಲಿ ಅಪ್ಪನ ಜೊತೆ ಕೊಬ್ಬರಿ ಹಾಕ್ಕೊಂಡು ಎಪಿಎಂಸಿಗೆ ಹೋಗುವಾಗ ಎಲ್ಲಾ ಹೇಳಿದೆ. ಆ ಭಾಗವನ್ನೂ. ಅಪ್ಪ ರಸ್ತೆ ನೋಡ್ತಾನೇ ಕೇಳಿಸಿಕೊಂಡ. ತುಂಬಾ ಹೊತ್ತಾದ ಮೇಲೆ, "ನನ್ನ ಮದುವೆ ಫೋಟೋ ನೋಡಿದೀಯಲ್ಲ?" ಅಂದ. ನೋಡಿದ್ದೆ. "ಒಂದ್ರಲ್ಲಾದ್ರೂ ಪೇಟ ಇಲ್ದೆ ಇದೀನಾ ಹೇಳು. ಶಾಸ್ತ್ರ ಎಲ್ಲಾ ಮುಗಿದು ಊಟಕ್ಕೆ ಕೂತಾಗ್ಲೂ ತೆಗೀಲಿಲ್ಲ. ನಿಮ್ಮಮ್ಮ ಬೆವರು ಒರೆಸ್ಕೊಳ್ಳಿ ಅಂತ ಟವೆಲ್ ಕೊಟ್ಲು, ಪೇಟದ ಮೇಲೇ ಒರೆಸ್ಕೊಂಡೆ." ಇಬ್ಬರೂ ನಕ್ಕೆವು. ನಮ್ಮಪ್ಪನಿಗೆ ಅವನ ತಲೆ ಒಂದು ವಿಷಯವಾಗಿತ್ತು ಅನ್ನೋದೇ ನಂಗೆ ಇಪ್ಪತ್ತೊಂದು ವರ್ಷ ಗೊತ್ತಿರಲಿಲ್ಲ.

ಹೋದ ವಾರ ಮೂರನೇ ಸೆಮ್‌ನ ಹುಡುಗನೊಬ್ಬ ರೂಮಿಗೆ ಬಂದಿದ್ದ. "ಅಣ್ಣಾ, ನಿಮ್ಮತ್ರ ಮಾತ್ರೆ ಉಳಿದಿದೆಯಂತೆ, ಎರಡು ಸ್ಟ್ರಿಪ್ಪು. ನೀವು ತಗೊಳ್ಳಲ್ವಲ್ಲ, ಕೊಡ್ತೀರಾ?" ಅಂದ. ಹಣೆಯ ಮೂಲೆಗಳು ಆಗಲೇ ಸ್ವಲ್ಪ ಹಿಂದೆ ಸರಿದಿವೆ, ಪಾಪ. ಕೊಡಲಿಲ್ಲ. ಇದು ಡಾಕ್ಟರ್ ಚೀಟಿಯ ಮಾತ್ರೆ. ಅವನು ಆ ತೊಂಬತ್ತಾರರಲ್ಲೇ ಇರಬಹುದು, ತಗೊಂಡು ಚೆನ್ನಾಗೂ ಇರಬಹುದು, ಆದರೆ ನನ್ನ ಡ್ರಾಯರಿನಿಂದ ಅಲ್ಲ. ಗುರುವಾರ ಚರ್ಮದ ಓಪಿಡಿ ಇರುತ್ತೆ, ಲ್ಯಾಬ್ ಮುಗಿಸಿ ಜೊತೆಗೇ ಹೋಗೋಣ ಅಂದೆ. ಬಸ್ ಚಾರ್ಜು ಅವನದು.